ಮುನ್ನೂರ ಮೂವತ್ತೈದು ಮೂಟೆ

ಸುಗ್ಗಿ ಮುಗಿದು ಭತ್ತ ಕಣಜ ಸೇರಿದರೂ ಕೊರಿಯಾದ ಹಳ್ಳಿಗೆ ಬಿಡುವು ಸಿಗುತ್ತಿರಲಿಲ್ಲ. ಕಾಳಿನ ಸುಗ್ಗಿ ಹೋಗಿ ಹುಲ್ಲಿನ ಸುಗ್ಗಿ ಬರುತ್ತಿತ್ತು. ಹೊರಗೆ ಹಿಮ, ಒಳಗೆ ಕಾವೇರಿದ ನೆಲ. ಒಲೆಯ ಬಿಸಿಯನ್ನು ಕೋಣೆಯ ಕಲ್ಲುಹಾಸಿನ ಅಡಿಯಲ್ಲಿ ಹಾಯಿಸಿ ಆಚೆ ಬದಿಯ ಹೊಗೆಗೂಡಿಗೆ ಬಿಡುವ ಆ ಏರ್ಪಾಟಿಗೆ ಒಂದೊಲ್ ಎಂದು ಹೆಸರು. ಆ ಬೆಚ್ಚನೆಯ ನೆಲದ ಮೇಲೆ ಗಂಡಸರು ಚಕ್ಕಳಮಕ್ಕಳ ಹಾಕಿ ಕೂತು, ಅಂಗೈಗೆ ಉಗುಳು ಸವರಿಕೊಂಡು, ನಡುರಾತ್ರಿಯವರೆಗೂ ಹುಲ್ಲಿನ ಹುರಿ ಹೊಸೆಯುತ್ತಿದ್ದರು. ಹೊಸೆದಷ್ಟೂ ಹುರಿ ಬೆನ್ನ ಹಿಂದೆ ಸರಿದು ಸುರುಳಿಯಾಗಿ ಬೆಳೆಯುತ್ತಿತ್ತು.

ಆ ಹುರಿಯಿಂದ ಏನೆಲ್ಲ ಆಗುತ್ತಿತ್ತು! ಕಾಲಿಗೆ ಹುಲ್ಲಿನ ಜೋಡು, ಮಳೆಗೆ ಹುಲ್ಲಿನ ಗೊರಬು, ಕಾಳು ಒಣಗಿಸಲು ಅಂಗಳದಗಲದ ಚಾಪೆ, ನೀರಿನ ಕೊಡದ ಕೆಳಗೆ ಹೆಂಗಸರ ತಲೆಗೆ ಸಿಂಬಿ. ಸಂತೆಗೆ ಒಯ್ಯುವ ಮೊಟ್ಟೆಗಳನ್ನು ಸಹ ಹತ್ತು ಹತ್ತರಂತೆ ಸಾಲಾಗಿಟ್ಟು ಹುಲ್ಲಿನಲ್ಲೇ ಕಟ್ಟುತ್ತಿದ್ದರು. ಕಟ್ಟು ಹಿಡಿದು ಬೀಸಿಕೊಂಡು ನಡೆದರೂ ಒಂದೂ ಒಡೆಯುತ್ತಿರಲಿಲ್ಲ. ಮಗು ಹುಟ್ಟಿದ ಮನೆಯ ಬಾಗಿಲಿಗೆ ಎಡಕ್ಕೆ ಹೊಸೆದ ಹಗ್ಗ ಕಟ್ಟುವುದು ಪದ್ಧತಿ. ನಿತ್ಯದ ಹಗ್ಗ ಬಲಕ್ಕೆ ಹೊಸೆದದ್ದು, ದೈವದ ಹಗ್ಗ ಎಡಕ್ಕೆ. ಗಂಡು ಮಗುವಾದರೆ ಹಗ್ಗಕ್ಕೆ ಕೆಂಪು ಮೆಣಸಿನಕಾಯಿ ಸಿಕ್ಕಿಸುವರು, ಹೆಣ್ಣಾದರೆ ಇದ್ದಿಲು ಮತ್ತು ಪೈನ್ ಮರದ ಚಿಗುರು. ಅದನ್ನು ಕಂಡ ಹೊರಗಿನವರು ಮೂರು ವಾರ ಹೊಸ್ತಿಲು ತುಳಿಯುತ್ತಿರಲಿಲ್ಲ.

ಚಳಿ ಬಲಿಯುವ ಮೊದಲೇ ಸೂರಿನ ಕೆಲಸ. ನೇಯ್ದ ಹುಲ್ಲಿನ ಹೊದಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ನೆತ್ತಿಯ ಮೇಲೆ ಜಡೆಯಂತೆ ಹೆಣೆದ ಉದ್ದನೆಯ ಪಟ್ಟಿಯನ್ನು ಕೂರಿಸಿ, ಗಾಳಿಗೆ ಹಾರದಂತೆ ಹಗ್ಗದ ಬಲೆ ಬಿಗಿಯುವರು. ಒಬ್ಬಿಬ್ಬರಿಂದ ಆಗುವ ಮಾತಲ್ಲ. ಇಂದು ನಿನ್ನ ಮನೆ, ನಾಳೆ ನನ್ನ ಮನೆ ಎಂದು ಮುಯ್ಯಾಳಿನ ಲೆಕ್ಕದಲ್ಲಿ ಊರಿಗೆ ಊರೇ ಸೂರು ಹತ್ತುತ್ತಿತ್ತು. ಬೇಸಿಗೆಯಲ್ಲಿ ಅದೇ ಸೂರಿನ ಮೇಲೆ ಸೋರೆಬಳ್ಳಿ ಹಬ್ಬಿ ಬಿಳಿಯ ಹೂ ಬಿಡುತ್ತಿತ್ತು. ಬಲಿತ ಸೋರೆಯನ್ನು ಗರಗಸದಿಂದ ಎರಡು ಹೋಳು ಮಾಡಿ, ಕುದಿಸಿ, ಒಳಗಿನ ತಿರುಳು ಕೆರೆದು ಒಣಗಿಸಿದರೆ ಅಕ್ಕಿ ಮೊಗೆಯಲು, ನೀರು ಎತ್ತಲು ಬುರುಡೆ ತಯಾರು. ಅದಕ್ಕೆ ಬಗಾಜಿ ಎನ್ನುವರು.

ಗಮನಿಸಬೇಕಾದ ಮಾತೆಂದರೆ, ಆ ಮನೆಯ ಸೂರಿಗೆ ಎಂದೂ ಒಂದೆರಡು ವರ್ಷಕ್ಕಿಂತ ಹೆಚ್ಚು ವಯಸ್ಸಾಗುತ್ತಿರಲಿಲ್ಲ. ಆದರೂ ಅದು ಮುತ್ತಜ್ಜನ ಕಾಲದ ಸೂರೇ. ಹುಲ್ಲು ಕೊಳೆಯುತ್ತಿತ್ತು, ಜೋಡು ಸವೆಯುತ್ತಿತ್ತು, ಬುರುಡೆ ಒಡೆಯುತ್ತಿತ್ತು; ಕೈಗಳು ಮತ್ತೆ ಮಾಡುತ್ತಿದ್ದವು. ಕಾಪಾಡಬೇಕೆಂಬ ಯೋಚನೆ ಅಲ್ಲಿ ಯಾರಿಗೂ ಬಂದಿರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ.

ಆ ಯೋಚನೆ ಮೊದಲು ಬಂದವರಲ್ಲಿ ಒಬ್ಬ ಹೊರಗಿನವನು, ಅದೂ ಆಳುವ ನಾಡಿನವನು. 1910ರಲ್ಲಿ ಜಪಾನು ಕೊರಿಯಾವನ್ನು ನುಂಗಿತ್ತು. 1914ರಲ್ಲಿ ಅಸಕವಾ ತಕುಮಿ ಎಂಬ ಇಪ್ಪತ್ತಮೂರರ ಯುವಕ ಅಣ್ಣನ ಹಿಂದೆ ಅಲ್ಲಿಗೆ ಬಂದು ಅರಣ್ಯ ಇಲಾಖೆಯ ಸಣ್ಣ ನೌಕರಿ ಹಿಡಿದ. ಬೋಳಾದ ಗುಡ್ಡಗಳಲ್ಲಿ ಮರ ಬೆಳೆಸುವುದು ಅವನ ಕೆಲಸ. ಕೊರಿಯಾದ ಪೈನ್ ಬೀಜ ಮೊಳೆಯಲು ಎರಡು ವರ್ಷ ಹಿಡಿಯುತ್ತಿತ್ತು. ಬೀಜವನ್ನು ಬಯಲಿನ ಮಣ್ಣಿನಲ್ಲಿ ಹೂತಿಟ್ಟು ಅದನ್ನು ಒಂದೇ ವರ್ಷಕ್ಕೆ ಇಳಿಸುವ ಉಪಾಯ ಕಂಡುಕೊಂಡವನು ಅವನೇ. ಬೀಜಕ್ಕಾಗಿ ಹಳ್ಳಿ ಹಳ್ಳಿ ತಿರುಗಿದವನ ಕಣ್ಣು ಬೀಜದ ಜೊತೆಗೆ ಅಡುಗೆಮನೆಯ ಮೇಲೂ ಬಿತ್ತು. ಕೊರಿಯನ್ ಭಾಷೆ ಕಲಿತ, ಅವರ ಉಡುಪು ತೊಟ್ಟ, ಸಂಬಳದಲ್ಲಿ ಬಟ್ಟಲು, ಜಾಡಿ, ಪುಟ್ಟ ಊಟದ ಮೇಜುಗಳನ್ನು ಕೊಂಡ.

ಆ ಮೇಜನ್ನು ಹತ್ತಿರದಿಂದ ನೋಡೋಣ. ಸೊಬಾನ್ ಎನ್ನುತ್ತಾರೆ. ನೆಲದಲ್ಲಿ ಕೂತವನ ಎದೆಗಿಂತ ಕೆಳಗೆ ಬರುವಷ್ಟೇ ಎತ್ತರ, ಒಬ್ಬನ ಊಟಕ್ಕಾಗುವಷ್ಟೇ ಅಗಲ. ಅಡುಗೆಮನೆ ಅಂಗಳದ ಆಚೆಗಿರುತ್ತಿದ್ದುದರಿಂದ ಅನ್ನ ಸಾರು ಬಡಿಸಿದ ಮೇಜನ್ನೇ ಹೆಂಗಸರು ಎರಡು ಕೈಯಲ್ಲಿ ಎತ್ತಿ, ಹೊಸ್ತಿಲು ದಾಟಿಸಿ, ಗಂಡಸರ ಕೋಣೆಗೆ ಒಯ್ಯಬೇಕು. ಹಾಗಾಗಿ ಹಲಗೆ ಹಗುರಾಗಿರಬೇಕು, ಬಾಗಬಾರದು, ಸಾರು ಚೆಲ್ಲಿದರೆ ಕಲೆ ಉಳಿಯಬಾರದು. ಗಿಂಕೋ ಮರಕ್ಕೆ ಈ ಗುಣವೆಲ್ಲ ಉಂಟು. ಅಂಚು ಸ್ವಲ್ಪ ಮೇಲೆದ್ದಿರುತ್ತದೆ, ಬಟ್ಟಲು ಜಾರದಂತೆ. ಕಾಲು ಹೊರಕ್ಕೆ ಬಾಗಿದ್ದರೆ ಹುಲಿಗಾಲು, ಒಳಕ್ಕೆ ಬಾಗಿದ್ದರೆ ನಾಯಿಗಾಲು. ನಾಜು, ತೋಂಗ್ಯೊಂಗ್, ಹೆಜು ಊರುಗಳಿಗೆ ಒಂದೊಂದಕ್ಕೂ ಅದರದೇ ಧಾಟಿ. ದಿನಕ್ಕೆ ಮೂರು ಹೊತ್ತು ಒರೆಸಿಕೊಂಡ ಹಲಗೆಗೆ ಬರುವ ಹೊಳಪನ್ನು ಯಾವ ಅರಗೂ ಕೊಡಲಾರದು. ಅದನ್ನು ಹೊತ್ತು ತಂದವರು ಅದರ ಮುಂದೆ ಕೂತು ಉಂಡದ್ದು ಕಡಿಮೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

1929ರಲ್ಲಿ ತಕುಮಿ ಈ ಮೇಜುಗಳ ಮೇಲೆಯೇ ಒಂದು ಪುಸ್ತಕ ಬರೆದ. ಅದಕ್ಕೆ ಐದು ವರ್ಷ ಮುಂಚೆ, 1924ರಲ್ಲಿ, ಅವನೂ ಅವನ ಗೆಳೆಯ ಯಾನಗಿ ಮುನೆಯೋಶಿಯೂ ಸೇರಿ ಸಿಯೋಲ್ ನಗರದ ಗ್ಯೊಂಗ್‌ಬೊಕ್ ಅರಮನೆಯ ಒಂದು ಮಂಟಪದಲ್ಲಿ ಕೊರಿಯಾದ ಜನರ ಕಲೆಗೆಂದು ವಸ್ತುಸಂಗ್ರಹಾಲಯ ತೆರೆದಿದ್ದರು. ಆ ಹೊತ್ತಿಗೆ ಅರಮನೆಯ ಮುಂಭಾಗದಲ್ಲಿ ಜಪಾನೀ ಗವರ್ನರ್ ಜನರಲ್ಲನ ಕಲ್ಲಿನ ಕಚೇರಿ ಏಳುತ್ತಿತ್ತು. ಮುಂದೆ ದೊರೆಯ ಕಟ್ಟಡ, ಹಿಂದೆ ಒಕ್ಕಲಿಗರ ಬಟ್ಟಲು. ಎರಡನ್ನೂ ತಂದಿಟ್ಟವರು ಒಂದೇ ನಾಡಿನವರು.

1931ರಲ್ಲಿ ನ್ಯುಮೋನಿಯಾದಿಂದ ತಕುಮಿ ತೀರಿಕೊಂಡಾಗ ಅವನಿಗೆ ನಲವತ್ತು. ಅವನ ಶವ ಹೊರಲು ಕೊರಿಯಾದ ಹಳ್ಳಿಗರೇ ಮುಂದಾದರೆಂಬ ಮಾತು ಇಂದಿಗೂ ನಡೆಯುತ್ತದೆ. ಸಿಯೋಲ್ ಅಂಚಿನ ಮಾಂಗ್ವುರಿ ಗುಡ್ಡದ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಪಕ್ಕದಲ್ಲಿ ಪಿಂಗಾಣಿ ಹೂಜಿಯ ಆಕಾರದ ಕಲ್ಲು. ಆಳಿದವರ ಕಡೆಯವನ ಗೋರಿಗೆ ಆಳಿಸಿಕೊಂಡವರು ಇಂದಿಗೂ ಹೂವಿಡುತ್ತಾರೆ. ಇಂಥದ್ದು ಚರಿತ್ರೆಯಲ್ಲಿ ಅಪರೂಪ.

ಅವನು ಸತ್ತ ಹತ್ತು ಹನ್ನೆರಡು ವರ್ಷಕ್ಕೆ ಅದೇ ಜಪಾನೀ ಸರ್ಕಾರ ಕಂಚು ಕೇಳಿಕೊಂಡು ಹಳ್ಳಿಗಳಿಗೆ ಬಂತು. ಯುದ್ಧ ನಡೆದಿತ್ತು, ಗುಂಡಿಗೆ ಲೋಹ ಬೇಕಿತ್ತು. ಸ್ಥಿತಿವಂತರ ಮನೆಯಲ್ಲಿ ಬೇಸಿಗೆಗೆ ಪಿಂಗಾಣಿ, ಚಳಿಗಾಲಕ್ಕೆ ಕಂಚು ಎಂಬ ನೇಮವಿತ್ತು. 78 ಪಾಲು ತಾಮ್ರಕ್ಕೆ 22 ಪಾಲು ತವರ ಬೆರೆಸಿ, ಕಾಸಿ, ಬಡಿದು ಮಾಡಿದ ಬಟ್ಟಲಲ್ಲಿ ಅನ್ನ ಬಹಳ ಹೊತ್ತು ಬಿಸಿಯಾಗಿರುತ್ತಿತ್ತು. ಪಿತೃಗಳ ಎಡೆಗೂ ಕಂಚೇ. ಅನ್ನದ ಬಟ್ಟಲು, ಚಮಚ, ಎಡೆಯ ಪಾತ್ರೆ ಎಲ್ಲವೂ ಗಾಡಿ ಏರಿದವು. ಬಾವಿಗೆ ಇಳಿಬಿಟ್ಟವರು, ನೆಲದಲ್ಲಿ ಹೂತವರು ಕೆಲವನ್ನು ಉಳಿಸಿಕೊಂಡರು.

1945ರಲ್ಲಿ ಬಿಡುಗಡೆ. ಮರುವರ್ಷದ ಏಪ್ರಿಲ್‌ನಲ್ಲಿ ಸಿಯೋಲ್‌ನ ನಾಮ್ಸಾನ್ ಗುಡ್ಡದ ಮೇಲೆ ರಾಷ್ಟ್ರೀಯ ಜನಾಂಗ ವಸ್ತುಸಂಗ್ರಹಾಲಯ ತೆರೆಯಿತು. ಅದನ್ನು ಕಟ್ಟಿದವರು ಸೋಂಗ್ ಸೊಕ್ ಹಾ. 1932ರಲ್ಲೇ ಗೆಳೆಯರೊಡನೆ ಜಾನಪದ ಸಂಘ ಕಟ್ಟಿ, ಮರುವರ್ಷ ಪತ್ರಿಕೆ ಹೊರಡಿಸಿ, ಮುಖವಾಡದ ಕುಣಿತಗಳನ್ನೂ ಹಳ್ಳಿಯ ಹಬ್ಬಗಳನ್ನೂ ಹಾದಿ ಸವೆಸಿ ದಾಖಲಿಸಿದವರು ಅವರು. ತಕುಮಿ, ಯಾನಗಿ ಕೂಡಿಸಿದ್ದ ವಸ್ತುಗಳೂ ಅವರ ವಶಕ್ಕೆ ಬಂದವು. ಆದರೆ 1948ರಲ್ಲಿ ಸೋಂಗ್ ಕಾಲವಾದರು. 1950ರಲ್ಲಿ ಸಂಗ್ರಹಾಲಯ ದೊಡ್ಡ ರಾಷ್ಟ್ರೀಯ ಮ್ಯೂಸಿಯಮ್ಮಿನ ಹೊಟ್ಟೆ ಸೇರಿತು. ಅದೇ ವರ್ಷ ಕೊರಿಯಾ ಯುದ್ಧ.

ಯುದ್ಧದಲ್ಲಿ ಹಳ್ಳಿಯ ಒಂದು ಸಾಮಾನು ಮಾತ್ರ ಲೋಕಪ್ರಸಿದ್ಧವಾಯಿತು. ಜಿಗೆ ಎಂಬ ಹೊರೆಚೌಕಟ್ಟು. ಕವೆಯೊಡೆದ ಎರಡು ಪೈನ್ ಕೊಂಬೆಗಳನ್ನು ತಂದು, ಮೇಲೆ ಹತ್ತಿರ ಕೆಳಗೆ ದೂರ ಬರುವಂತೆ ನಿಲ್ಲಿಸಿ, ಅಡ್ಡಪಟ್ಟಿ ಬಡಿದು, ಬೆನ್ನಿಗೆ ಹುಲ್ಲಿನ ಮೆತ್ತೆ, ಹೆಗಲಿಗೆ ಹುಲ್ಲಿನ ಜಡೆಪಟ್ಟಿ ಕಟ್ಟಿದರೆ ಆಯಿತು. ಹೊರುವವನ ಬೆನ್ನಿನ ಅಳತೆಗೇ ಮಾಡಿದ್ದರಿಂದ ಒಬ್ಬನದು ಇನ್ನೊಬ್ಬನಿಗೆ ಒಗ್ಗುವುದಿಲ್ಲ. ಇಳಿಸಿದಾಗ ಆನಿಸಲು ಒಂದು ಊರುಗೋಲು. ಖಾಲಿ ಬರುವಾಗ ಅದೇ ಕೋಲಿನಿಂದ ಚೌಕಟ್ಟಿನ ಕಾಲಿಗೆ ತಾಳ ಹಾಕುತ್ತ ಹಾಡಿಕೊಳ್ಳುವುದು. ಲಾರಿ ಏರಲಾಗದ ಗುಡ್ಡಗಳಿಗೆ ಗುಂಡು, ಅನ್ನ, ನೀರು ಏರಿದ್ದು ಹಳ್ಳಿಗರ ಈ ಬೆನ್ನುಗಳ ಮೇಲೆ. ಇಂಗ್ಲಿಷಿನ ‘ಎ’ ಅಕ್ಷರ ಕಂಡ ಅಮೆರಿಕದ ಸೈನಿಕರು ‘ಎ ಫ್ರೇಮ್’ ಎಂದರು. 1953ರಲ್ಲಿ ಕದನ ನಿಂತ ಮೇಲೆ ಯುದ್ಧಕೈದಿಗಳ ವಾಪಸಾತಿಯ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಇಳಿದದ್ದು ಈ ಸುಟ್ಟ ನೆಲಕ್ಕೇ.

ಇಷ್ಟೆಲ್ಲ ಆದರೂ ಹಳ್ಳಿ ಹಳ್ಳಿಯಾಗಿಯೇ ಉಳಿದಿತ್ತು. ಸುಟ್ಟ ಸೂರಿಗೆ ಮತ್ತೆ ಹುಲ್ಲು ಹೊದಿಸಿದರು, ಒಡೆದ ಜಾಡಿಗೆ ಬದಲು ಇನ್ನೊಂದು ಕೊಂಡರು. ದೊರೆ, ದಂಡು, ಬಾಂಬು ಮಾಡಲಾಗದ ಕೆಲಸವನ್ನು ಮಾಡಿದ್ದು ಸಿಮೆಂಟು.

1970ರ ಏಪ್ರಿಲ್ 22ರಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಹಳ್ಳಿಗಳ ಏಳಿಗೆಗೆ ಒಂದು ಚಳವಳಿ ಬೇಕೆಂದರು. ಸೇಮಾಉಲ್, ಎಂದರೆ ಹೊಸ ಹಳ್ಳಿ. ದೇಶದಲ್ಲಿ ಆಗ ಸಿಮೆಂಟು ಬೇಡಿಕೆಗಿಂತ ಹೆಚ್ಚು ತಯಾರಾಗಿ ಉಳಿದುಬಿಟ್ಟಿತ್ತು. ಸರ್ಕಾರ ಅದನ್ನು ಕೊಂಡು ಸುಮಾರು 33,000 ಹಳ್ಳಿಗಳಿಗೆ ತಲಾ 335 ಮೂಟೆಯಂತೆ ಹಂಚಿತು. ಮನೆಮನೆಗೆ ಪಾಲು ಮಾಡಕೂಡದು, ಊರಿನ ಕೆಲಸಕ್ಕೇ ಬಳಸಬೇಕು ಎಂಬುದೊಂದೇ ಕಟ್ಟಳೆ. ಮರುವರ್ಷ ಚೆನ್ನಾಗಿ ದುಡಿದ ಅರ್ಧದಷ್ಟು ಹಳ್ಳಿಗಳಿಗೆ 500 ಮೂಟೆ ಸಿಮೆಂಟು, ಒಂದು ಟನ್ ಕಬ್ಬಿಣ. ಕೆಲಸ ಮಾಡದ ಊರಿಗೆ ಏನೂ ಇಲ್ಲ.

ಗಾಡಿ ನುಗ್ಗದ ಓಣಿ ಅಗಲವಾಯಿತು, ಕೆರೆಕಟ್ಟೆ ಗಟ್ಟಿಯಾಯಿತು, ಸೇತುವೆ ಬಂತು, ಬಟ್ಟೆ ಒಗೆಯುವ ಕಟ್ಟೆ ಬಂತು. ಹಸಿದಿದ್ದ ನಾಡು ಉಣ್ಣತೊಡಗಿತು. ಇದನ್ನೆಲ್ಲ ಹಗುರವಾಗಿ ಕಾಣುವಂತಿಲ್ಲ; ಸೋರುವ ಸೂರಿನಡಿ ಮಲಗದವರಿಗೆ ಹುಲ್ಲಿನ ಮನೆ ಚೆಂದ ಎನ್ನುವುದು ಸುಲಭ. ಆದರೆ ಹೊಸ ಹಳ್ಳಿಯ ಪಟ್ಟಿಯಲ್ಲಿ ಹುಲ್ಲಿನ ಸೂರು ಬಡತನದ ಗುರುತಾಗಿತ್ತು. ಹುಲ್ಲು ಕಿತ್ತು ಕಲ್ನಾರಿನ ಅಲೆಅಲೆಯ ಹೊದಿಕೆ ಹಾಕಿ ಕೆಂಪು, ನೀಲಿ ಬಣ್ಣ ಬಳಿದರು. ಕಲ್ಲುಗೋಡೆಯ ಜಾಗದಲ್ಲಿ ಸಿಮೆಂಟು ಇಟ್ಟಿಗೆ. ಮೂಢನಂಬಿಕೆ ಎಂದು ಊರದೇವರ ಗುಡಿಗಳೂ ಊರಬಾಗಿಲ ಕಾವಲುಗಂಬಗಳೂ ಹಲವು ಕಡೆ ಉರುಳಿದವು. ಅಂದು ಪ್ರಗತಿಯ ಬಾವುಟವಾಗಿದ್ದ ಕಲ್ನಾರನ್ನು ಕ್ಯಾನ್ಸರ್ ತರುವ ವಸ್ತುವೆಂದು 2009ರಲ್ಲಿ ಅದೇ ದೇಶ ಪೂರಾ ನಿಷೇಧಿಸಿತು.

ಹುಲ್ಲಿಗೆ ಇನ್ನೊಂದು ಕಡೆಯಿಂದಲೂ ಪೆಟ್ಟು ಬಿತ್ತು. ಇದನ್ನು ಬಹಳ ಜನ ಬರೆಯುವುದಿಲ್ಲ. 1972ರಿಂದ ತೋಂಗಿಲ್ ಎಂಬ ಹೊಸ ಭತ್ತದ ತಳಿ ಗದ್ದೆಗಿಳಿಯಿತು. ಇಳುವರಿ ಹೆಚ್ಚು, 1977ರ ಹೊತ್ತಿಗೆ ಅಕ್ಕಿಯಲ್ಲಿ ದೇಶ ಸ್ವಾವಲಂಬಿಯಾಯಿತು. ಗಾಳಿಗೆ ಮಲಗದಿರಲೆಂದು ಆ ಪೈರನ್ನು ಗಿಡ್ಡ ಮಾಡಿದ್ದರು. ಗಿಡ್ಡ ಪೈರಿನ ಹುಲ್ಲೂ ಗಿಡ್ಡ, ಮುಟ್ಟಿದರೆ ಮುರಿಯುವಂಥದ್ದು. ಹುರಿ ಹೊಸೆಯಲು ಬಾರದು, ಸೂರಿಗೆ ಸಾಲದು, ಜೋಡಿಗೆ ಆಗದು. ಕೈಯಲ್ಲಿ ಕಸುಬು ಇದ್ದವನಿಗೂ ಕೈಗೆ ಹುಲ್ಲು ಸಿಗದಂತಾಯಿತು.

ಕಂಚಿನ ಕತೆಯೂ ಇದೇ ಹೊತ್ತಿಗೆ ಮುಗಿಯುತ್ತ ಬಂದಿತ್ತು. ಒಲೆಗೆ ಸೌದೆಯ ಬದಲು ಕಲ್ಲಿದ್ದಲ ಬಿಲ್ಲೆ ಬಂದ ಮೇಲೆ ಅದರ ಹೊಗೆಗೆ ಕಂಚು ಕಪ್ಪಿಡುತ್ತಿತ್ತು. ಹಬ್ಬದ ಮುನ್ನಾದಿನ ಹೆಂಗಸರು ಹೆಂಚಿನ ಪುಡಿಯನ್ನು ಹುಲ್ಲಿನ ಮುಷ್ಟಿಯಲ್ಲಿ ಅದ್ದಿ, ಬೆರಳು ಬಿರಿಯುವಂತೆ ತಿಕ್ಕಬೇಕು. ಅಷ್ಟರಲ್ಲಿ ತಿಕ್ಕದೆಯೂ ಹೊಳೆಯುವ ಸ್ಟೀಲು ಬಂತು. ಕಂಚು ಕೊಟ್ಟು ಸ್ಟೀಲು ಕೊಂಡ ಗೃಹಿಣಿಯನ್ನು ದೂರುವ ಬಾಯಿ ನನಗಿಲ್ಲ. ಅಂಟುಮಿಠಾಯಿಯವನು ದಪ್ಪ ಕತ್ತರಿಯನ್ನು ಟಕ್ ಟಕ್ ಎನಿಸುತ್ತ ಕೇರಿಗೆ ಬರುತ್ತಿದ್ದ. ಕೈಯಲ್ಲಿ ಕಾಸಿಲ್ಲದಿದ್ದರೂ ನಡೆಯುತ್ತಿತ್ತು; ಹಳೆ ರಬ್ಬರ್ ಜೋಡು, ಒಡಕು ಪಾತ್ರೆ, ಕಂಚಿನ ಚಮಚ ಯಾವುದಾದರೂ ಸರಿ. ಅಜ್ಜಿಯ ಚಮಚ ಕೊಟ್ಟು ಮಿಠಾಯಿ ತಿಂದು ಬೈಸಿಕೊಂಡ ನೆನಪು ಆ ತಲೆಮಾರಿನ ಎಷ್ಟೋ ಜನರದು.

ಮಣ್ಣಿನ ಜಾಡಿ ಅಷ್ಟು ಬೇಗ ಸೋಲಲಿಲ್ಲ. ಅದಕ್ಕೆ ಕಾರಣವಿದೆ. ಒಂಗ್ಗಿ ಎಂಬ ಆ ಗುಡಾಣಗಳೊಳಗೆ ಇದ್ದದ್ದು ಮನೆಯ ರುಚಿ: ಸೋಯಾ ಅವರೆಯ ರಸ, ಅದರ ಹುಳಿಬಂದ ಗಟ್ಟಿ, ಮೆಣಸಿನ ಗೊಜ್ಜು. ಚಳಿಗಾಲದ ಕಿಮ್ಚಿಯ ಜಾಡಿಯನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳುವರು. ಹಿತ್ತಿಲ ಬಿಸಿಲು ಬೀಳುವ ಕಟ್ಟೆಯ ಮೇಲೆ ದೊಡ್ಡವು ಹಿಂದೆ, ಚಿಕ್ಕವು ಮುಂದೆ, ಮದುವೆಯ ಫೋಟೋಗೆ ನಿಂತ ಮನೆಮಂದಿಯಂತೆ. ಬೆಳಗ್ಗೆ ಮುಚ್ಚಳ ತೆಗೆದು ಬಿಸಿಲು ಕಾಣಿಸಬೇಕು, ಸಂಜೆ ಮುಚ್ಚಬೇಕು, ಮಳೆ ಬಂದರೆ ಓಡಬೇಕು. ಉತ್ತರದ ಜಾಡಿಗೆ ಬಾಯಿ ಅಗಲ, ಬಿಸಿಲು ಹೆಚ್ಚು ಬೀಳಲೆಂದು. ದಕ್ಷಿಣದ ಜಾಡಿಗೆ ಭುಜ ಉಬ್ಬು, ಬಾಯಿ ಕಿರಿದು. ಅಲ್ಲಿ ಬಿಸಿಲೇ ಹೆಚ್ಚು. ಬೂದಿಯನ್ನೂ ಕಾಡಿನ ಎಲೆಗೊಬ್ಬರದ ಮಣ್ಣನ್ನೂ ಕಲಸಿದ ಮೆರುಗಿನಲ್ಲಿ ಅದ್ದಿ, ಅದು ಹಸಿಯಿರುವಾಗಲೇ ಕುಂಬಾರ ಬೆರಳಿನಿಂದ ಹುಲ್ಲೆಲೆಯಂಥ ನಾಲ್ಕು ಗೀಟು ಎಳೆದುಬಿಡುತ್ತಿದ್ದ. ಎರಡನೆಯ ಸಲ ಯೋಚಿಸಲು ಸಮಯವಿಲ್ಲದ ಗೀಟು. ಕೊಳ್ಳುವವಳು ಬೆರಳ ಗೆಣ್ಣಿನಿಂದ ತಟ್ಟಿ ದನಿ ಕೇಳುವಳು; ಮನೆಗೆ ತಂದ ಮೇಲೆ ಉರಿಯುವ ಹುಲ್ಲಿನ ಮೇಲೆ ಬೋರಲು ಹಾಕಿ ಎಲ್ಲಾದರೂ ಹೊಗೆ ಸೋರುವುದೇ ನೋಡುವಳು. ಮತ್ತೆ ಹುಲ್ಲು! ಹೊಸ ರಸ ತುಂಬಿದ ಜಾಡಿಯ ಕುತ್ತಿಗೆಗೂ ಬಾಣಂತಿಯ ಬಾಗಿಲಿನ ಆ ಎಡಹುರಿಯ ಹಗ್ಗವೇ.

ಈ ಕುಂಬಾರರಲ್ಲಿ ಬಹಳ ಮಂದಿ ಕ್ಯಾಥೊಲಿಕರು. 1801ರಿಂದ ಅರಸೊತ್ತಿಗೆ ಅವರನ್ನು ಬೇಟೆಯಾಡಿದಾಗ ತಪ್ಪಿಸಿಕೊಂಡವರು ಮಲೆಯ ಕಣಿವೆಗಳಲ್ಲಿ ಅಡಗಿ ಜಾಡಿ ಸುಟ್ಟು ಬದುಕಿದರು. ಜಾಡಿ ಹೊತ್ತು ಮಾರುವವನನ್ನು ಯಾರೂ ತಡೆಯುವುದಿಲ್ಲ. ಜಾಡಿಯ ಜೊತೆಗೆ ಚದುರಿದ ಬಂಧುಗಳ ಸುದ್ದಿಯೂ ಊರಿಂದೂರಿಗೆ ಹೋಗುತ್ತಿತ್ತು. ಅವರ ಮುಂದಿನ ತಲೆಮಾರುಗಳ ಕಾಲಕ್ಕೆ ಬೇರೆ ಸಂಕಟ ಬಂತು. ಬೇಗ ಹೊಳಪು ಬರಲೆಂದು ಕೆಲವರು ಸೀಸದ ಮೆರುಗು ಬಳಸತೊಡಗಿದ್ದರು. 1970ರ ದಶಕದಲ್ಲಿ ಅದು ಸುದ್ದಿಯಾಗಿ, ಒಳ್ಳೆಯ ಜಾಡಿಯನ್ನೂ ಜನ ಅನುಮಾನದಿಂದ ಕಂಡರು. ಆಮೇಲೆ ಪ್ಲಾಸ್ಟಿಕ್ಕು, ಆಮೇಲೆ ಅಪಾರ್ಟ್‌ಮೆಂಟು. ಹದಿನೈದನೆಯ ಮಹಡಿಯಲ್ಲಿ ಜಾಡಿಯನ್ನು ಕುತ್ತಿಗೆಯವರೆಗೆ ಹೂಳಲು ಮಣ್ಣೆಲ್ಲಿದೆ?

ಇಂಥ ಹೊತ್ತಿನಲ್ಲಿ ಒಬ್ಬ ಸೇಲ್ಸ್‌ಮನ್ ಎದ್ದು ನಿಂತದ್ದು ಈ ಕತೆಯ ದೊಡ್ಡ ಬೆರಗು. ಹಾನ್ ಚಾಂಗ್ ಗಿ ದಕ್ಷಿಣ ಜೊಲ್ಲಾ ಪ್ರಾಂತ್ಯದ ಬೊಲ್ಗ್ಯೊ ಊರಿನವರು, 1936ರಲ್ಲಿ ಹುಟ್ಟಿದವರು. ಕಾನೂನು ಓದಿದರೂ ನ್ಯಾಯಾಲಯದ ಕಡೆ ಹೋಗಲಿಲ್ಲ. ಬ್ರಿಟಾನಿಕಾ ವಿಶ್ವಕೋಶ ಮಾರಿ, ಅದರ ಕೊರಿಯಾ ಶಾಖೆಯ ಮುಖ್ಯಸ್ಥರಾದರು. ಪರದೇಶದ ಜ್ಞಾನ ಮಾರಿ ಬಂದ ಹಣದಿಂದ 1976ರ ಮಾರ್ಚ್‌ನಲ್ಲಿ ‘ಆಳಕ್ಕೆ ಬೇರಿಳಿದ ಮರ’ ಎಂಬ ಅರ್ಥದ ಹೆಸರಿನ ಮಾಸಪತ್ರಿಕೆ ಹೊರಡಿಸಿದರು. ಚೀನೀ ಅಕ್ಷರಗಳನ್ನು ಬಿಟ್ಟು ಪೂರಾ ಕೊರಿಯನ್ ಲಿಪಿಯಲ್ಲಿ ಅಚ್ಚಾದ ಆ ಪತ್ರಿಕೆ ಹಳ್ಳಿಯ ಕುಂಬಾರನನ್ನೂ ಬಡಗಿಯನ್ನೂ ಪಂಡಿತರ ಸಾಲಿನಲ್ಲಿ ಕೂರಿಸಿತು. 1980ರ ಆಗಸ್ಟ್‌ನಲ್ಲಿ ಹೊಸ ಸೇನಾ ಆಡಳಿತ ಅದನ್ನು ಮುಚ್ಚಿಸಿತು.

ಪತ್ರಿಕೆ ಹೋದರೆ ಹೋಯಿತು, ಮನುಷ್ಯ ಕೂರಲಿಲ್ಲ. ಸಾಮಾನ್ಯರ ಆತ್ಮಕಥೆಗಳ ಮಾಲೆ ಶುರುವಾಯಿತು; ಮುಂದಿನ ಹತ್ತು ವರ್ಷದಲ್ಲಿ ಇಪ್ಪತ್ತು ಸಂಪುಟ. ಸಂತೆ ಸುತ್ತುವ ವ್ಯಾಪಾರಿ, ಜಾಡಿ ಮಾಡುವವನು, ಮರಗೆಲಸದವನು ಎಂಬಂಥವರ ಮುಂದೆ ಟೇಪ್ ಇಟ್ಟು, ಅವರವರ ಸೀಮೆಯ ಆಡುಮಾತನ್ನು ತಿದ್ದದೆ ಬರೆದುಕೊಂಡರು. ಸರ್ಕಾರವೂ 1962ರ ಕಾಯಿದೆಯಡಿ ಕುಶಲಕರ್ಮಿಗಳನ್ನು ಗುರುತಿಸಿ ಮಾನ್ಯ ಮಾಡುತ್ತಿತ್ತು, ನಿಜ. ಆದರೆ ಅದು ನೋಡುತ್ತಿದ್ದುದು ಕೈಯನ್ನು. ಹಾನ್ ಬಾಯಿಯನ್ನೂ ಕೇಳಿಸಿಕೊಂಡರು. ಉಪಕರಣದ ಹೆಸರು, ಮಣ್ಣಿನ ಬಣ್ಣದ ಹೆಸರು, ಹದ ತಪ್ಪಿದಾಗ ಬೈಯುವ ಮಾತು ಇವೆಲ್ಲ ಗಾಜಿನ ಕಪಾಟಿನೊಳಗೆ ಇಡಲು ಬರುವಂಥವಲ್ಲ. 1997ರಲ್ಲಿ ಅವರು ತೀರಿಕೊಂಡರು. ಅವರು ಕೂಡಿಸಿದ್ದ ಆರು ಸಾವಿರಕ್ಕೂ ಹೆಚ್ಚು ವಸ್ತುಗಳಿಗೆ 2011ರಲ್ಲಿ ಸುಂಚಿಯೋನ್‌ನಲ್ಲಿ, ನಾಗಾನ್ ಕೋಟೆಯ ಪಕ್ಕ, ಒಂದು ಮನೆಯಾಯಿತು.

ಒಂದು ಕೈಯಿಂದ ಹುಲ್ಲು ಕೀಳಿಸಿದ ಸರ್ಕಾರ ಇನ್ನೊಂದು ಕೈಯಿಂದ ಹುಲ್ಲಿನ ಮನೆಗಳನ್ನು ಪ್ರದರ್ಶನಕ್ಕೂ ಇಡಿಸಿತು. 1974ರಲ್ಲಿ ಯೋಂಗಿನ್‌ನಲ್ಲಿ ಜಾನಪದ ಗ್ರಾಮ ತೆರೆಯಿತು; ನಾನಾ ಪ್ರಾಂತ್ಯಗಳ ಮನೆಗಳನ್ನು ತಂದು, ಕಟ್ಟಿ, ಟಿಕೆಟ್ ಇಟ್ಟರು. 1976ರಲ್ಲಿ ಆಂದೋಂಗ್ ಅಣೆಕಟ್ಟು ತುಂಬಿದಾಗ ಮುಳುಗಲಿದ್ದ ಕೆಲವು ಮನೆಗಳನ್ನು ಕಳಚಿ ಎತ್ತರಕ್ಕೆ ಸಾಗಿಸಿದರು. ಅದೇ ಆಂದೋಂಗ್ ಸೀಮೆಯ, ನಾಕ್ದೋಂಗ್ ನದಿ ಸುತ್ತುವರಿದ ಹಾಹ್ವೆ ಗ್ರಾಮ ಗ್ಯೊಂಗ್ಜು ಬಳಿಯ ಯಾಂಗ್ದೋಂಗ್ ಗ್ರಾಮದೊಡನೆ 2010ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಎರಡೂ ಕುಲೀನರ ಊರುಗಳು. ಹೆಂಚಿನ ದೊಡ್ಡಮನೆಗೆ ವಂಶಾವಳಿಯಿತ್ತು, ವಾರಸುದಾರರಿದ್ದರು, ಕಾಗದಪತ್ರಗಳಿದ್ದವು. ಅದರ ಸುತ್ತ ಹುಲ್ಲಿನ ಮನೆಗಳಲ್ಲಿದ್ದ ಗೇಣಿದಾರನ ಸಾಮಾನು ಉಳಿದದ್ದು ದೊಡ್ಡಮನೆಯ ನೆರಳಲ್ಲಿ, ಅದೂ ಅಷ್ಟಿಷ್ಟು.

ನಾಗಾನ್ ಕೋಟೆಯ ಮಾತು ಬೇರೆ. ಅಲ್ಲಿ ಕಲ್ಲಿನ ಕೋಟೆಯೊಳಗೆ ಹುಲ್ಲಿನ ಮನೆಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಸುಗ್ಗಿಯಾದ ಮೇಲೆ ಇಂದಿಗೂ ಸೂರು ಹತ್ತುತ್ತಾರೆ. ಹಿಂದೆ ನೆರೆಯವನ ಸೂರು ಹತ್ತಿದರೆ ಸಿಗುತ್ತಿದ್ದ ಕೂಲಿ ಮುಯ್ಯಿ. ಈಗ ಮುಯ್ಯಿಗೆ ಬರುವ ನೆರೆಯವರು ಕಡಿಮೆ. ಹುಲ್ಲಿಗೂ ಆಳಿಗೂ ಖಜಾನೆಯ ದುಡ್ಡು ಬೇಕು.

ರಾಷ್ಟ್ರೀಯ ಜಾನಪದ ಸಂಗ್ರಹಾಲಯ 2021ರಲ್ಲಿ ಪಾಜು ಊರಿನಲ್ಲಿ ತನ್ನ ಉಗ್ರಾಣವನ್ನೇ ಜನರಿಗೆ ತೆರೆಯಿತು. ಎತ್ತರದ ಗಾಜಿನ ಕಪಾಟುಗಳಲ್ಲಿ ಜಾಡಿಗಳೂ ಸೊಬಾನ್‌ಗಳೂ ಸಾಲುಸಾಲಾಗಿ ಕೂತಿವೆ. ಅದಕ್ಕಿಂತ ನನಗೆ ಹಿಡಿಸುವುದು ಅದರ ಇನ್ನೊಂದು ಕೆಲಸ. ಸಂಶೋಧಕರು ಒಂದು ಹಳ್ಳಿಗೆ ಹೋಗಿ, ಅಲ್ಲಿನ ಒಂದು ಮನೆಯೊಳಗೆ ಕೂತು, ಆ ಮನೆಯ ಸಾಮಾನುಗಳನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡುತ್ತಾರೆ: ಎಲ್ಲಿಟ್ಟಿದ್ದು, ಎಂದು ಕೊಂಡದ್ದು, ಯಾರು ಕೊಟ್ಟದ್ದು. ಹಳೆಯದು, ಚೆಂದದ್ದು ಎಂದು ಆರಿಸುವಂತಿಲ್ಲ. ಅಟ್ಟದ ಮೇಲೆ ಅಜ್ಜನ ಜಿಗೆ, ಅದರ ಪಕ್ಕ ರಸಗೊಬ್ಬರದ ಖಾಲಿ ಚೀಲ, ಗೋಡೆಯ ಮೇಲೆ ಸಹಕಾರ ಸಂಘದ ಕ್ಯಾಲೆಂಡರು, ಎಲ್ಲಕ್ಕೂ ಒಂದೊಂದು ಸಾಲು. ಅಡುಗೆಮನೆಯ ಮೂಲೆಯ ಪ್ಲಾಸ್ಟಿಕ್ ಚೊಂಬನ್ನೂ ಬರೆದುಕೊಳ್ಳುತ್ತಾರೆ. ಸೂರಿನ ಮೇಲೆ ಬಳ್ಳಿಯಿಲ್ಲ, ಸೋರೆಯಿಲ್ಲ, ಆದರೂ ಆ ಮನೆಯಾಕೆ ಕೆಂಪು ಪ್ಲಾಸ್ಟಿಕ್ಕನ್ನು ಕೈಯಲ್ಲಿ ಹಿಡಿದು ಅದರ ಹೆಸರು ಬಗಾಜಿ ಎಂದೇ ಹೇಳುತ್ತಾಳೆ, ಬರೆದುಕೊಳ್ಳುವವನೂ ಹಾಗೆಯೇ ಬರೆದುಕೊಳ್ಳುತ್ತಾನೆ.